ತಾರಸಿ ತೋಟದ ಎಳೆಬಿಸಿಲನ್ನು ಚುಕ್ಕಿಗಳಲ್ಲಿ ಬಿಡಿಸುವ ಬಗೆ

ನನ್ನ ಮೊದಲ ಚುಕ್ಕಿ ಚಿತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿಡಿಸಲು ಹೊರಟಿದ್ದು ನಮ್ಮ ತಾರಸಿಯ ಬೆಳಗನ್ನು. ಸಾಲಾಗಿ ಇಟ್ಟ ಮಣ್ಣಿನ ಕುಂಡಗಳು, ದಾಸವಾಳ, ಚೆಂಡುಹೂವು, ಪ್ಯಾರಾಪೆಟ್ ಗೋಡೆಯ ಮೇಲೆ ಬಗ್ಗಿದ ಕಾಗದದ ಹೂವಿನ ಬಳ್ಳಿ. ಡಬ್ಬಿಯಲ್ಲಿದ್ದ ಅಷ್ಟೂ ಬಣ್ಣಗಳನ್ನು ಎಲ್ಲ ಕಡೆಗೂ ಸಮವಾಗಿ ಹಂಚಿ ಚುಕ್ಕಿ ಇಟ್ಟೆ. ಹತ್ತಿರ ನಿಂತರೆ ಜಾತ್ರೆ. ಆರು ಹೆಜ್ಜೆ ಹಿಂದೆ ಹೋದರೆ ಆಷಾಢದ ಮೋಡ. "ಮಳೆ ಬರೋ ಹಾಗಿದೆ, ಅಲ್ವಾ?" ಅಂದರು ನೋಡಿದವರೊಬ್ಬರು. ಹೊಗಳಿಕೆ ಅಂದುಕೊಂಡು ಸುಮ್ಮನಾದೆ.

ಆ ಚಿತ್ರದಲ್ಲಿ ಹಳದಿಗೇನೂ ಕಮ್ಮಿ ಇರಲಿಲ್ಲ. ಸರಿಯಾದ ನೆರಳು ಇರಲಿಲ್ಲ, ಅಷ್ಟೇ. ಹಾಗಾಗಿ ಇಲ್ಲಿ ನಾನು ಹೇಳುವ ಕ್ರಮದಲ್ಲಿ ನೆರಳು ಮೊದಲು, ಬಿಸಿಲು ಕೊನೆಗೆ. ಲೆಕ್ಕಕ್ಕೆ 10×12 ಇಂಚಿನ ಕ್ಯಾನ್ವಾಸ್ ಬೋರ್ಡ್ ಮತ್ತು ಅಕ್ರಿಲಿಕ್ ಬಣ್ಣ ಇಟ್ಟುಕೊಳ್ಳೋಣ. ಮೊದಲೇ ಚಿತ್ರ ಕಲಿತಿರಬೇಕು ಅಂತೇನಿಲ್ಲ.

ಚುಕ್ಕಿ ಮಾಡುವ ಕೆಲಸ ಏನು?

ಈ ಬಗೆಯ ಚಿತ್ರಕ್ಕೆ ಪಾಯಿಂಟಿಲಿಸಂ ಅನ್ನುತ್ತಾರೆ. ಶುರು ಮಾಡಿದವನು ಫ್ರಾನ್ಸಿನ ಜಾರ್ಜ್ ಸರಾ. ಹುಟ್ಟಿದ್ದು 1859ರಲ್ಲಿ, ತೀರಿಕೊಂಡಿದ್ದು 1891ರಲ್ಲಿ, ಬರೀ 31ನೇ ವಯಸ್ಸಿಗೆ. ಪ್ಯಾರಿಸ್ಸಿನ ಗ್ರಾಂದ್ ಜಾತ್ ದ್ವೀಪದಲ್ಲಿ ಭಾನುವಾರ ಕಳೆಯಲು ಬಂದ ಜನರ ಚಿತ್ರವನ್ನು ಅವನು 1884ರಿಂದ 1886ರವರೆಗೆ ಬರೆದ. ಅದು ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಈಗ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಚಿತ್ರದ ಮುಂಭಾಗವನ್ನು ಗಮನಿಸಿ. ಕೆಳಗಿನ ಹುಲ್ಲು ಪೂರ್ತಿ ನೆರಳು. ಅದರ ಆಚೆ ಹುಲ್ಲು ಹೊಳೆಯುತ್ತದೆ. ಆ ಹೊಳಪನ್ನು ಎತ್ತಿ ಹಿಡಿದಿರುವುದು ಈಚಿನ ನೆರಳು.

ಸರಾಗೆ ದಾರಿ ತೋರಿಸಿದವರಲ್ಲಿ ಒಬ್ಬ ಮಿಶೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ನೂಲು ಕಳೆಗುಂದಿದಂತೆ ಕಾಣುತ್ತದೆ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಕಪ್ಪು ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ಎಳೆಗಳಿಂದಾಗಿ ಅದು ಹಾಗೆ ಕಾಣುತ್ತಿತ್ತು. ಪಕ್ಕದ ಬಣ್ಣ ನಮ್ಮ ಬಣ್ಣವನ್ನು ಬದಲಿಸುತ್ತದೆ ಅನ್ನುವ ಈ ಮಾತನ್ನು ಅವನು 1839ರಲ್ಲಿ ಪುಸ್ತಕವಾಗಿ ಬರೆದ. ನೀವೇ ನೋಡಬಹುದು. ಒಂದು ಚೆಂಡುಹೂವನ್ನು ನೇರಳೆ ಬಟ್ಟೆಯ ಮೇಲಿಡಿ, ಇನ್ನೊಂದನ್ನು ಹಳದಿ ತಟ್ಟೆಯಲ್ಲಿಡಿ. ಒಂದೇ ಗಿಡದ ಹೂವು ಅಂದರೆ ನಂಬುವುದು ಕಷ್ಟ.

ಇನ್ನೊಂದು ಉದಾಹರಣೆ ನಮ್ಮ ಬೀರುವಿನಲ್ಲೇ ಇದೆ. ನವಿಲು ಬಣ್ಣದ ರೇಷ್ಮೆ ಸೀರೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ದೂರಕ್ಕೆ ಎರಡೂ ಸೇರಿ ಮೂರನೆಯದು ಕಾಣುತ್ತದೆ. ಅಲುಗಾಡಿದರೆ ಮಿನುಗುತ್ತದೆ. ಚುಕ್ಕಿ ಚಿತ್ರವೂ ಅದನ್ನೇ ಮಾಡುತ್ತದೆ.

ಇಲ್ಲೊಂದು ಸುಳ್ಳನ್ನು ಬಿಡಿಸಿಕೊಳ್ಳಬೇಕು. ನೀಲಿ ಚುಕ್ಕಿ, ಹಳದಿ ಚುಕ್ಕಿ ಪಕ್ಕಪಕ್ಕ ಇಟ್ಟರೆ ದೂರದಿಂದ ಪಚ್ಚೆ ಹಸಿರು ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಾಣುವುದಿಲ್ಲ. ತಟ್ಟೆಯಲ್ಲಿ ಕಲಸಿದರೆ ಹಸಿರಾಗುತ್ತದೆ, ನಿಜ. ಚುಕ್ಕಿಗಳಿಂದ ಬರುವ ಬೆಳಕು ಕಣ್ಣಿನಲ್ಲಿ ಸೇರಿದಾಗ ಸಿಗುವುದು ಎರಡರ ಸರಾಸರಿ. ಅದು ಬೂದಿಗೆ ಹತ್ತಿರ. ನನ್ನ ಮೊದಲ ಚಿತ್ರ ಕೆಟ್ಟಿದ್ದು ಈ ನಂಬಿಕೆಯಿಂದಲೇ. ಎಲೆ ಹಸಿರಾಗಬೇಕಿದ್ದರೆ ಹಸಿರು ಚುಕ್ಕಿಯೇ ಬೇಕು. ನೀಲಿ, ಹಳದಿ ಅದಕ್ಕೆ ಒಗ್ಗರಣೆ ಮಾತ್ರ.

ಬೋರ್ಡಿಗೆ ಕೈ ಹಾಕುವ ಮೊದಲು ದಪ್ಪ ಕಾಗದದ ಮೇಲೆ 5 ಸೆಂಟಿಮೀಟರಿನ ಮೂರು ಚೌಕ ಮಾಡಿ. ಮೊದಲನೆಯದರಲ್ಲಿ ನೀಲಿ, ಹಳದಿ ಅರ್ಧರ್ಧ. ಎರಡನೆಯದರಲ್ಲಿ ಹಸಿರು ಜಾಸ್ತಿ, ಜೊತೆಗೆ ಸ್ವಲ್ಪ ಹಳದಿ. ಮೂರನೆಯದರಲ್ಲಿ ಹಸಿರು ಜಾಸ್ತಿ, ಸ್ವಲ್ಪ ನೀಲಿ, ಅಲ್ಲೊಂದು ಇಲ್ಲೊಂದು ಕೆಂಪು. ಗೋಡೆಗೆ ಅಂಟಿಸಿ ನಾಲ್ಕು ಮೀಟರ್ ದೂರದಿಂದ ನೋಡಿ. ಎರಡನೆಯದು ಬಿಸಿಲಿನ ಎಲೆ, ಮೂರನೆಯದು ನೆರಳಿನ ಎಲೆ. ಮೊದಲನೆಯದು ಪಾಚಿ ಒಣಗಿದ ಗೋಡೆ.

ಯಾವ ಹೊತ್ತಿನ ಬಿಸಿಲು?

ನಡು ಮಧ್ಯಾಹ್ನ ಬೇಡ. ನಮ್ಮ ಕಡೆ ಸೂರ್ಯ ತಲೆಯ ಮೇಲೇ ಇರುತ್ತಾನೆ. ಬೆಂಗಳೂರಿನಲ್ಲಂತೂ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವೆ ಇನ್ನೊಮ್ಮೆ ಶೂನ್ಯ ನೆರಳಿನ ದಿನವೇ ಬರುತ್ತದೆ. ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನ, ಚಿತ್ರಕ್ಕೆ ಅಲ್ಲ. ಬೆಳಗ್ಗೆ ಎಂಟರ ಎಳೆಬಿಸಿಲು ಅಥವಾ ಸಂಜೆ ನಾಲ್ಕೂವರೆಯ ಇಳಿಬಿಸಿಲು ಹಿಡಿಯಿರಿ. ಆಗ ಒಂದೊಂದು ಕುಂಡದ ನೆರಳೂ ಕುಂಡಕ್ಕಿಂತ ಉದ್ದ ಮಲಗಿರುತ್ತದೆ.

ಮೊದಲ ದಿನ ಬಣ್ಣ ತೆಗೆದುಕೊಂಡು ಹೋಗಬೇಡಿ. ಒಂದು ಲೋಟ ಕಾಫಿ, ಒಂದು ನೋಟ್‌ಬುಕ್ ಸಾಕು. ಸಿಮೆಂಟ್ ನೆಲದ ಮೇಲಿನ ನೆರಳು ಯಾವ ಬಣ್ಣ ಅಂತ ನೋಡಿ. ಕಪ್ಪು ಅಂತ ಮನಸ್ಸು ಹೇಳುತ್ತದೆ. ಅದರ ಮಾತು ಕೇಳಬೇಡಿ. ಒಂದು ಬಿಳಿ ಹಾಳೆಯನ್ನು ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಬರುವಂತೆ ಇಡಿ. ನೆರಳಿನ ಭಾಗದಲ್ಲಿ ನೀಲಿ ಛಾಯೆ ಕಾಣುತ್ತದೆ. ಅಲ್ಲಿಗೆ ಸೂರ್ಯನ ಬೆಳಕು ತಲುಪುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ತಲುಪುತ್ತದೆ. ಇನ್ನು ಮಣ್ಣಿನ ಕುಂಡದ ಪಕ್ಕದ ನೆರಳಿನಲ್ಲಿ ಸಣ್ಣಗೆ ಕೆಂಪು ಸೇರಿರುತ್ತದೆ. ಕುಂಡದಿಂದ ಚಿಮ್ಮಿದ ಬೆಳಕು ಅದು. ಇದನ್ನೆಲ್ಲ ಬರೆದಿಟ್ಟುಕೊಳ್ಳಿ.

ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಆದರೆ ಅದನ್ನು ಆಕಾರಕ್ಕೆ ಮಾತ್ರ ನಂಬಿ. ಫೋಟೋದಲ್ಲಿ ನೆರಳು ಕರ್ರಗೆ ಬರುತ್ತದೆ, ಬಿಸಿಲು ಬೆಳ್ಳಗೆ ಸುಟ್ಟುಹೋಗುತ್ತದೆ. ಸರಾ ಕೂಡ ಆ ದೊಡ್ಡ ಚಿತ್ರಕ್ಕಾಗಿ ದ್ವೀಪಕ್ಕೆ ಮತ್ತೆ ಮತ್ತೆ ಹೋಗಿ, ಪುಟ್ಟ ಮರದ ಹಲಗೆಗಳ ಮೇಲೆ ಬಣ್ಣ ಗುರುತು ಮಾಡಿಕೊಂಡು ಬರುತ್ತಿದ್ದ. ಚುಕ್ಕಿ ಇಡುವ ಕೆಲಸ ಮಾತ್ರ ಸ್ಟುಡಿಯೋದಲ್ಲಿ.

ಸಾಮಾನು

ಬಣ್ಣಗಳು ಒಂಬತ್ತು ಸಾಕು: ನಿಂಬೆ ಹಳದಿ, ಗಾಢ ಹಳದಿ, ಕಿತ್ತಳೆ, ಕೆಂಪು, ಗುಲಾಬಿ ಕಡೆಗೆ ಸರಿಯುವ ಕ್ರಿಮ್ಸನ್, ನೇರಳೆ, ಅಲ್ಟ್ರಾಮರೀನ್ ನೀಲಿ, ಹಸಿರು, ಬಿಳಿ. ಕಪ್ಪು ಟ್ಯೂಬನ್ನು ಮನೆಯಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಬಿಳಿ ಎರಡು ತಂದಿಟ್ಟುಕೊಳ್ಳಿ, ಅದೇ ಮೊದಲು ಮುಗಿಯುವುದು. ಹೊಳೆಯುವ ಫ್ಲೋರೊಸೆಂಟ್ ಬಣ್ಣ ಬೇಡ, ಬೇಗ ಮಾಸುತ್ತದೆ. ಬಣ್ಣ ಮೋಸ ಮಾಡುವುದು ಹೊಸ ಕತೆಯಲ್ಲ. ಗ್ರಾಂದ್ ಜಾತ್ ಚಿತ್ರದಲ್ಲಿ ಸರಾ ಬಳಸಿದ ಸತುವಿನ ಹಳದಿ ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಆ ಬಿಸಿಲು ಹುಲ್ಲು ಇವತ್ತು ನಮಗೆ ಕಾಣುವುದಕ್ಕಿಂತ ಮೊದಲು ಇನ್ನೂ ಜಾಸ್ತಿ ಹೊಳೆಯುತ್ತಿತ್ತು.

ಚುಕ್ಕಿ ಇಡಲು 2 ಮತ್ತು 4ನೇ ನಂಬರಿನ ದುಂಡು ಬ್ರಷ್ ತನ್ನಿ. ಹಳೆಯ ಬ್ರಷ್ಷಿನ ತುದಿ ಕತ್ತರಿಸಿದರೂ ಆದೀತು. ಇಯರ್ ಬಡ್ ಬಳಸುವವರಿದ್ದಾರೆ. ನನಗೆ ಇಷ್ಟವಿಲ್ಲ. ಎಲ್ಲ ಚುಕ್ಕಿಯೂ ಬಟನ್ ಹಾಗೆ ಒಂದೇ ಅಳತೆ ಬರುತ್ತದೆ, ಹತ್ತಿಯ ಎಳೆಯೂ ಅಂಟಿಕೊಳ್ಳುತ್ತದೆ. ಹೂವಿನ ನಡುವಿನ ಸಣ್ಣ ಚುಕ್ಕಿಗೆ ಟೂತ್‌ಪಿಕ್ ಚೆನ್ನ.

ಬಣ್ಣದ ಹದ ಮುಖ್ಯ. ಮಜ್ಜಿಗೆಯಂತೆ ತೆಳುವಾದರೆ ಹರಡುತ್ತದೆ. ಗಟ್ಟಿ ಮೊಸರಿನ ಹದ ಇರಲಿ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ನಡುನಡುವೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಅಕ್ರಿಲಿಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗಿ ಕೂರುತ್ತದೆ.

ಬೋರ್ಡಿನ ಮೇಲೆ ಬಿಸಿಲು-ನೆರಳಿನ ನಕ್ಷೆ

ನೋಟ್‌ಬುಕ್‌ನಲ್ಲಿ ಬೆಂಕಿಪೊಟ್ಟಣದ ಅಳತೆಯ ಮೂರು ನಾಲ್ಕು ಚಿತ್ರ ಮಾಡಿ. ಗೆರೆ ಬೇಡ. ಪೆನ್ಸಿಲನ್ನು ಮಲಗಿಸಿ ನೆರಳಿನ ಜಾಗ ಮಾತ್ರ ತುಂಬಿ. ಎಲೆ, ಹೂವು, ಕುಂಡ ಎಲ್ಲ ಮರೆತುಬಿಡಿ. ಕಣ್ಣು ಕಿರಿದು ಮಾಡಿದಾಗ ಏನು ಕಡುವಾಗಿ ಕಾಣುತ್ತದೋ ಅದೇ ನೆರಳು. ಬಿಸಿಲು, ನೆರಳು ಎರಡೂ ಸಮ ಸಮ ಇದ್ದರೆ ಚಿತ್ರ ಸಪ್ಪೆ. ನನಗೆ ಹಿಡಿಸುವುದು ನೆರಳು ಅರ್ಧಕ್ಕಿಂತ ಜಾಸ್ತಿ ಇರುವ ನಕ್ಷೆ. ಬಿಸಿಲಿನ ಪಟ್ಟಿ ಕಮ್ಮಿ ಇದ್ದಷ್ಟೂ ಚುರುಕಾಗಿ ಕಾಣುತ್ತದೆ.

ಫ್ರಾನ್ಸಿನವನೇ ಆದ ಕಲಾವಿದ ಆನ್ರಿ ಮಾರ್ತಾಂ 1900ರಲ್ಲಿ ಮಾರ್ಕೆರೋಲ್ ಎಂಬಲ್ಲಿ ಮನೆ ಕೊಂಡ. ಅಲ್ಲಿನ ತೋಟದ ಕಟ್ಟೆ, ಬಳ್ಳಿ ಹಬ್ಬಿದ ಚಪ್ಪರ, ದುಂಡನೆಯ ಕೊಳ, ಇವನ್ನೇ ವರ್ಷಗಟ್ಟಲೆ ಬಿಡಿಸಿದ. ಚಪ್ಪರದ ಒಳಗಿನಿಂದ ಹೊರಗಿನ ಬಿಸಿಲನ್ನು ನೋಡಿದ ಚಿತ್ರಗಳೂ ಅದರಲ್ಲಿವೆ. ನಮ್ಮ ತಾರಸಿಗೂ ಈ ಉಪಾಯ ಒಗ್ಗುತ್ತದೆ. ಮೆಟ್ಟಿಲಿನ ಬಾಗಿಲ ಬಳಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಆಚೆ ನೋಡಿ. ತಲೆಯೂ ಸುಡುವುದಿಲ್ಲ, ಚಿತ್ರಕ್ಕೆ ಮುಂಭಾಗದ ನೆರಳೂ ಪುಕ್ಕಟೆ ಸಿಗುತ್ತದೆ.

ಒಪ್ಪಿದ ನಕ್ಷೆಯನ್ನು ಬೋರ್ಡಿಗೆ ತೆಳು ಪೆನ್ಸಿಲ್‌ನಲ್ಲಿ ಇಳಿಸಿ. ಬಟ್ಟೆ ಒಣಹಾಕುವ ಹಗ್ಗ, ಪೈಪು, ಡಿಶ್ ಆಂಟೆನಾ ಎಲ್ಲವೂ ಬರಲೇಬೇಕೆಂದಿಲ್ಲ. ನಾನು ಹಗ್ಗ ಬಿಟ್ಟೆ, ಹಗ್ಗದ ನೆರಳು ಉಳಿಸಿಕೊಂಡೆ. ಯಾರೂ ಕೇಳಲಿಲ್ಲ.

ಅಡಿಬಣ್ಣ

ಬಿಳಿ ಬೋರ್ಡಿನ ಮೇಲೆ ನೇರವಾಗಿ ಚುಕ್ಕಿ ಇಟ್ಟರೆ ಸಂದಿಯಲ್ಲೆಲ್ಲ ಬಿಳಿ ಇಣುಕಿ ಚಿತ್ರ ಸುಣ್ಣ ಬಳಿದಂತೆ ಆಗುತ್ತದೆ. ಅದಕ್ಕೇ ಮೊದಲು ತೆಳುವಾಗಿ ಬಣ್ಣ ಬಳಿಯಬೇಕು. ಬಿಸಿಲಿನ ಜಾಗಕ್ಕೆಲ್ಲ ಹಳದಿ, ಒಂಚೂರು ಕಿತ್ತಳೆ, ಬಿಳಿ ಸೇರಿಸಿದ ಕೆನೆ ಬಣ್ಣ. ನೆರಳಿನ ಜಾಗಕ್ಕೆಲ್ಲ ನೀಲಿ, ನೇರಳೆ, ಸ್ವಲ್ಪ ಬಿಳಿ. ಎಲೆಯಾದರೂ ಅಷ್ಟೇ, ಗೋಡೆಯಾದರೂ ಅಷ್ಟೇ, ಈ ಎರಡೇ ಬಣ್ಣ. ಒಣಗಿದ ಮೇಲೆ ದೂರದಿಂದ ನೋಡಿ. ಈಗಲೇ ಬಿಸಿಲು ಬಿದ್ದ ಹಾಗೆ ಅನ್ನಿಸಬೇಕು. ಅನ್ನಿಸದಿದ್ದರೆ ಇಲ್ಲೇ ತಿದ್ದಿ. ಸಾವಿರಾರು ಚುಕ್ಕಿ ಇಟ್ಟ ಮೇಲೂ ಈ ತಪ್ಪು ಮುಚ್ಚುವುದಿಲ್ಲ.

ಚುಕ್ಕಿ ಇಡುವುದು

ಒಂದು ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಬೋರ್ಡು ಸುಮಾರು 770 ಚದರ ಸೆಂಟಿಮೀಟರ್. 3 ಮಿಲಿಮೀಟರಿನ ಚುಕ್ಕಿಗಳು ಒಂದು ಚದರ ಸೆಂಟಿಮೀಟರಿಗೆ ಎಂಟರಂತೆ ಬಿದ್ದರೆ ಒಂದು ಸುತ್ತಿಗೆ ಆರು ಸಾವಿರ. ಮೂರು ಸುತ್ತಿಗೆ ಹದಿನೆಂಟು ಸಾವಿರ. ಸೆಕೆಂಡಿಗೆ ಒಂದರಂತೆ ಐದು ಗಂಟೆ. ಬಣ್ಣ ಅದ್ದುವುದು, ಎದ್ದು ಹೋಗಿ ದೂರದಿಂದ ನೋಡುವುದು ಸೇರಿ ನನಗೆ ಎರಡು ವಾರದ ಸಂಜೆಗಳು ಬೇಕಾದವು. ಕಮಿಲ್ ಪಿಸ್ಸಾರೋ ಅಂಥ ಹಿರಿಯ ಕಲಾವಿದನೇ ಕೆಲವು ವರ್ಷ ಚುಕ್ಕಿ ಇಟ್ಟು, ಇದು ತುಂಬಾ ನಿಧಾನ ಅಂತ ಬಿಟ್ಟುಬಿಟ್ಟ. ನಿಮಗೂ ಬೇಜಾರಾದರೆ ನಾಚಿಕೆ ಬೇಡ.

ಮೊದಲ ಸುತ್ತು ನೆರಳಿಗೆ. ಸಿಮೆಂಟ್ ನೆಲದ ನೆರಳಿಗೆ ನೀಲಿ ಮತ್ತು ನೇರಳೆ, ಎರಡಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಬಿಳಿ. ಹತ್ತು ಚುಕ್ಕಿಗೆ ಒಂದರಂತೆ ಮಂಕು ಕಿತ್ತಳೆ ಬೀಳಲಿ. ಅದಿಲ್ಲದಿದ್ದರೆ ನೆರಳು ಈಜುಕೊಳದ ನೀರಿನಂತೆ ಕಾಣುತ್ತದೆ. ಕುಂಡದ ಬುಡದ ಹತ್ತಿರ ಕ್ರಿಮ್ಸನ್ ಸ್ವಲ್ಪ ಜಾಸ್ತಿ. ನೆರಳಿನ ಎಲೆಗಳಿಗೆ ಹಸಿರಿನೊಳಗೆ ನೀಲಿ ಕಲಸಿದ ಚುಕ್ಕಿ, ಜೊತೆಗೆ ಬರೀ ನೀಲಿ, ಅಪರೂಪಕ್ಕೆ ಕಡುಕೆಂಪು. ತಟ್ಟೆಯಲ್ಲಿ ಬಣ್ಣ ಕಲಸುವುದು ತಪ್ಪೇನಲ್ಲ. ನೀಲಿ-ಹಸಿರು, ಹಳದಿ-ಹಸಿರು ಹೀಗೆ ಅಕ್ಕಪಕ್ಕದವನ್ನು ಕಲಸಿ. ಕೆಂಪು-ಹಸಿರು, ಹಳದಿ-ನೇರಳೆಯಂಥ ಎದುರಾಳಿಗಳನ್ನು ಮಾತ್ರ ತಟ್ಟೆಯಲ್ಲಿ ಸೇರಿಸಬೇಡಿ, ಕೆಸರಾಗುತ್ತದೆ. ಅವು ಬೋರ್ಡಿನ ಮೇಲೆ ಭೇಟಿಯಾಗಲಿ.

ಎರಡನೇ ಸುತ್ತು ವಸ್ತುಗಳ ಸ್ವಂತ ಬಣ್ಣಕ್ಕೆ. ಬಿಸಿಲಿಗೆ ಮುಖ ಮಾಡಿದ ಕುಂಡಕ್ಕೆ ಕಿತ್ತಳೆ, ಕೆಂಪಿಗೆ ಬಿಳಿ ಸೇರಿಸಿದ್ದು, ಹಳದಿ. ಕುಂಡ ದುಂಡಗೆ ಕಾಣಬೇಕಿದ್ದರೆ ಅಂಚಿಗೆ ಸರಿದಂತೆ ಕಿತ್ತಳೆ ಕಮ್ಮಿ ಮಾಡಿ, ನೇರಳೆ ಜಾಸ್ತಿ ಮಾಡುತ್ತಾ ಹೋಗಿ. ಬಣ್ಣ ಬದಲಿಸಬೇಡಿ, ಎಣಿಕೆ ಬದಲಿಸಿ. ಚುಕ್ಕಿ ಚಿತ್ರದ ಗುಟ್ಟೆಲ್ಲ ಈ ಎಣಿಕೆಯಲ್ಲಿದೆ ಅಂತ ನನ್ನ ಅನಿಸಿಕೆ. ಬಿಸಿಲಿನ ಎಲೆಗೆ ಹಳದಿ-ಹಸಿರು, ಹಳದಿ, ನಡುವೆ ಒಂದಷ್ಟು ಬರೀ ಹಸಿರು. ಕಾಗದದ ಹೂವಿನ ಗೊಂಚಲಿಗೆ ಕ್ರಿಮ್ಸನ್-ಬಿಳಿ ಹದವಾಗಿ. ಅದರ ನೆರಳಿನ ಭಾಗಕ್ಕೆ ನೇರಳೆ, ಕ್ರಿಮ್ಸನ್. ಸುತ್ತ ಹಸಿರಿದ್ದರೆ ಗುಲಾಬಿ ತಾನಾಗಿ ಉರಿಯುತ್ತದೆ, ನೀವು ಜಾಸ್ತಿ ಶ್ರಮಪಡಬೇಕಿಲ್ಲ. ಆಕಾಶಕ್ಕೆ ತಿಳಿನೀಲಿ, ಕೆಳಗೆ ಬಂದಂತೆ ಗುಲಾಬಿ ಬೆರೆತ ಬಿಳಿ. ಟ್ಯಾಂಕು ಕಪ್ಪಾಗಿದ್ದರೆ ನೀಲಿ, ನೇರಳೆ, ಕಡುಹಸಿರು ಒತ್ತೊತ್ತಾಗಿ. ಸಾಕಷ್ಟು ಕಪ್ಪಾಗುತ್ತದೆ, ನೋಡಿ ಬೇಕಾದರೆ.

ಮೂರನೇ ಸುತ್ತಿಗೆ ಬಿಸಿಲು. ಇಲ್ಲಿ ಕೈ ಬಿಗಿ ಹಿಡಿಯಬೇಕು. ನೆಲದ ಬಿಸಿಲಿನ ಪಟ್ಟಿಗೆ ಬಿಳಿಗೆ ನಿಂಬೆ ಹಳದಿ ಸೇರಿಸಿದ್ದು, ಬಿಳಿಗೆ ಕಿತ್ತಳೆ ಸೇರಿಸಿದ್ದು, ಅಷ್ಟೇ. ನೆರಳಿನ ಗಡಿಯ ಪಕ್ಕದಲ್ಲೇ ಅತಿ ತಿಳಿ ಚುಕ್ಕಿಗಳ ಒಂದು ತೆಳುವಾದ ಸಾಲು ಬರಲಿ. ಅದೇ ಗಡಿಯ ಈಚೆ, ನೆರಳಿನ ಕಡೆ, ಒಂದು ಸಾಲು ಕಡು ನೇರಳೆ. ತಿಳಿ ಇನ್ನೂ ತಿಳಿಯಾಗಿ, ಕಡು ಇನ್ನೂ ಕಡುವಾಗಿ ಕಾಣುವುದು ಆ ಗಡಿಯಲ್ಲೇ. ನಮ್ಮ ಕಣ್ಣು ಹೇಗೂ ಅಲ್ಲಿ ಉತ್ಪ್ರೇಕ್ಷೆ ಮಾಡುತ್ತದೆ, ನಾವು ಸ್ವಲ್ಪ ಸಹಾಯ ಮಾಡಿದರಾಯಿತು. ಬಳ್ಳಿಯ ಸಂದಿಯಿಂದ ನೆರಳಿನೊಳಗೆ ಬಿದ್ದ ಬಿಸಿಲಿನ ಬಿಲ್ಲೆಗಳನ್ನು ಕೊನೆಗೆ ಇಡಿ. ಏಳೆಂಟು ಸಾಕು. ನಾನು ಆಸೆಗೆ ಬಿದ್ದು ಐವತ್ತು ಇಟ್ಟು, ಅರ್ಧಕ್ಕರ್ಧ ಮತ್ತೆ ನೀಲಿಯಲ್ಲಿ ಮುಚ್ಚಿದೆ.

ಪ್ರತಿ ಹತ್ತು ನಿಮಿಷಕ್ಕೆ ಒಮ್ಮೆ ಎದ್ದು ಹಿಂದೆ ಹೋಗಿ ನೋಡಿ. ಚುಕ್ಕಿಗಳು ಪೂರ್ತಿ ಕರಗಿದವಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಕಣ್ಣಿಗೆ 1 ಮಿಲಿಮೀಟರಿನ ಚುಕ್ಕಿ ಕರಗಲು ಸುಮಾರು ಮೂರೂವರೆ ಮೀಟರ್ ದೂರ ಬೇಕು, 3 ಮಿಲಿಮೀಟರಿನದಕ್ಕೆ ಹತ್ತು ಮೀಟರ್. ಅಷ್ಟು ಉದ್ದದ ಹಾಲ್ ಎಷ್ಟು ಮನೆಯಲ್ಲಿದೆ? ಅರೆಬರೆ ಕರಗಿದಾಗಲೇ ಬಿಸಿಲು ಮಿಣುಗುಡುತ್ತದೆ. ಸರಾನ ಗೆಳೆಯ ಪಾಲ್ ಸಿನ್ಯಾಕ್ ಮುಂದೆ ಚುಕ್ಕಿ ಬಿಟ್ಟು ಇಟ್ಟಿಗೆಯಂಥ ಅಗಲ ತುಣುಕುಗಳಿಗೇ ಹೋದ. ಬಣ್ಣ ಬೇರೆ ಬೇರೆ ಉಳಿಯುವುದು ಮುಖ್ಯ, ಚುಕ್ಕಿಯ ಆಕಾರವಲ್ಲ ಅನ್ನುವುದು ಅವನ ವಾದ.

ಎಲ್ಲಿ ಎಡವುತ್ತೇವೆ?

ರಂಗೋಲಿ ಹಾಕಿ ಅಭ್ಯಾಸವಿರುವವರಿಗೆ ಒಂದು ಎಚ್ಚರಿಕೆ. ಕೈ ತಾನಾಗಿ ಚುಕ್ಕಿಗಳನ್ನು ಸಾಲಿಗೆ ಕೂರಿಸುತ್ತದೆ. ಹನ್ನೊಂದು ಚುಕ್ಕಿ, ಹನ್ನೊಂದು ಸಾಲು! ಇಲ್ಲಿ ಸಾಲು ಬಂದರೆ ಚಿತ್ರದ ಮೇಲೆ ಸೊಳ್ಳೆ ಪರದೆ ಹಾಕಿದಂತೆ ಕಾಣುತ್ತದೆ. ಒಂದೇ ಬಣ್ಣದ ಚುಕ್ಕಿಗಳನ್ನು ಮೊದಲು ದೂರ ದೂರ ಚೆಲ್ಲಿ, ಸಂದಿಗಳನ್ನು ಬೇರೆ ಬಣ್ಣದಿಂದ ತುಂಬಿ. ಅಮ್ಮ ಹಪ್ಪಳ ಒಣಹಾಕುವಾಗ ಸಿಕ್ಕ ಜಾಗದಲ್ಲಿ ಹಾಕುತ್ತಾ ಹೋಗುವುದಿಲ್ಲವಾ, ಹಾಗೆ.

ಚುಕ್ಕಿ ಒಣಗುವ ಮೊದಲು ಅದರ ಮೇಲೆ ಇನ್ನೊಂದು ಇಟ್ಟರೆ ಎರಡೂ ಕೆಟ್ಟವು. ಒಂದು ಬಣ್ಣ ಮುಗಿಸಿ ಬ್ರಷ್ ತೊಳೆಯುವಷ್ಟು ಹೊತ್ತು ಬಿಡಿ. ನೀರನ್ನೂ ಬದಲಿಸುತ್ತಿರಿ. ಹಳದಿಗೆ ಬೇರೆ ಲೋಟವನ್ನೇ ಇಡಿ. ಕೊಳಕು ನೀರಿಗೆ ಮೊದಲು ಬಲಿಯಾಗುವುದು ಹಳದಿ.

ಚಿತ್ರ ಮಂಕಾಯಿತು ಅನ್ನಿಸಿದರೆ ಹಳದಿ ಸುರಿಯಲು ಹೋಗಬೇಡಿ. ಪಕ್ಕದ ನೆರಳಿಗೆ ನೇರಳೆ ಸೇರಿಸಿ, ಅಲ್ಲಿ ತಪ್ಪಿ ಬಿದ್ದ ತಿಳಿ ಚುಕ್ಕಿಗಳನ್ನು ಮುಚ್ಚಿ. ನನ್ನ ಆ ಆಷಾಢದ ಚಿತ್ರವನ್ನು ಒಂದು ವರ್ಷದ ಮೇಲೆ ಕಪಾಟಿನಿಂದ ತೆಗೆದು ಹೀಗೇ ರಿಪೇರಿ ಮಾಡಿದೆ. ಬಿಸಿಲಿನ ಜಾಗಕ್ಕೆ ಒಂದು ಚುಕ್ಕಿಯನ್ನೂ ಸೇರಿಸಲಿಲ್ಲ.

ಅಂಚು, ಚೌಕಟ್ಟು, ಗೋಡೆ

ಸರಾ ತನ್ನ ದೊಡ್ಡ ಚಿತ್ರ ಮುಗಿದ ಕೆಲವು ವರ್ಷಗಳ ಮೇಲೆ ಅದರ ಸುತ್ತ ಚುಕ್ಕಿಗಳದ್ದೇ ಒಂದು ಅಂಚು ಸೇರಿಸಿದ, ಸೀರೆಗೆ ಅಂಚು ಬಂದ ಹಾಗೆ. ನೀವೂ ಒಂದು ಸೆಂಟಿಮೀಟರಿನ ಅಂಚು ಮಾಡಬಹುದು. ಪಕ್ಕದ ಚಿತ್ರಭಾಗದ ಎದುರು ಬಣ್ಣ ಅಲ್ಲಿ ಬರಲಿ: ಕಿತ್ತಳೆ ಕುಂಡದ ಪಕ್ಕ ನೀಲಿ, ಹಸಿರಿನ ಪಕ್ಕ ಕೆಂಪು, ಬಿಸಿಲಿನ ನೆಲದ ಪಕ್ಕ ನೇರಳೆ. ಚೌಕಟ್ಟು ಬಿಳಿಯದಿರಲಿ. ಚಿನ್ನದ ಬಣ್ಣದ್ದು ಹಾಕಿದರೆ ಚಿತ್ರದ ಹಳದಿಯನ್ನೆಲ್ಲ ಅದೇ ನುಂಗುತ್ತದೆ.

ವಾರ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಅಕ್ರಿಲಿಕ್ ವಾರ್ನಿಷ್ ಹಚ್ಚಿ. ಹೊಳಪಿಲ್ಲದ್ದನ್ನೇ ತನ್ನಿ. ಹೊಳಪಿನದ್ದು ಉಬ್ಬಿದ ಚುಕ್ಕಿಗಳ ಮೇಲೆ ಟ್ಯೂಬ್‌ಲೈಟ್ ಬೆಳಕನ್ನು ಚೂರುಚೂರಾಗಿ ಮಿಂಚಿಸುತ್ತದೆ. ಗೋಡೆಗೆ ಹಾಕುವಾಗ ನೇರ ಬಿಸಿಲು ಬೀಳದ ಜಾಗ ನೋಡಿ. ಎದುರಿಗೆ ಹಿಂದೆ ಸರಿಯಲು ಮೂರ್ನಾಲ್ಕು ಮೀಟರಾದರೂ ಇರಬೇಕು. ಮೆಟ್ಟಿಲ ತಿರುವು, ಅಡುಗೆಮನೆಯ ಇಕ್ಕಟ್ಟು ಗೋಡೆ ಬೇಡ. ನಮ್ಮಲ್ಲಿ ಅದು ಬಾಗಿಲಿಗೆ ಎದುರಾಗಿ, ಹಾಲ್‌ನ ಆ ತುದಿಯಲ್ಲಿದೆ. ಬಂದವರು ಚಪ್ಪಲಿ ಬಿಡುವಾಗ ತಾರಸಿಯ ಬಿಸಿಲು ನೋಡುತ್ತಾರೆ. ಸೋಫಾದ ಹತ್ತಿರ ಬರುವಷ್ಟರಲ್ಲಿ ಅದು ಬರೀ ಚುಕ್ಕಿಯಾಗಿರುತ್ತದೆ. ಮಕ್ಕಳಾದರೆ ಮತ್ತೆ ಬಾಗಿಲವರೆಗೂ ಓಡಿಹೋಗಿ ತಿರುಗಿ ನೋಡುತ್ತವೆ.